ರೇಣುಕಾ ಯಾಕೆ ನೀರು ಕುಡಿಯುತ್ತಿರಲಿಲ್ಲ?

ನಮ್ಮ ಮನೆಯಲ್ಲಿ ಎಂಟು ತಿಂಗಳು ಜೋಳದ ರೊಟ್ಟಿ ಬಡಿದ ರೇಣುಕಾ ಒಂದು ದಿನವೂ ಒಂದು ಲೋಟ ನೀರು ಕುಡಿಯಲಿಲ್ಲ.

ಚಹಾ ಕೊಟ್ಟರೆ "ಒಲ್ಲೆರೀ ಅಕ್ಕಾರ". ಮಜ್ಜಿಗೆ ಕೊಟ್ಟರೂ ಅದೇ ಉತ್ತರ. ನಮ್ಮತ್ತೆ ಧಾರವಾಡದವರು. "ಎಲ್ಲವ್ವನ ವ್ರತ ಹಿಡದಿರಬೇಕು, ಒತ್ತಾಯ ಮಾಡಬ್ಯಾಡ" ಎಂದು ತೀರ್ಪು ಕೊಟ್ಟುಬಿಟ್ಟರು. ನಾನೂ ನಂಬಿದೆ. (ಬೇರೆಯವರ ಕಷ್ಟಕ್ಕೆ ದೇವರ ಹೆಸರಿಟ್ಟರೆ ನಮಗೆ ಕೆಲಸ ಕಡಿಮೆ, ಅಲ್ಲವೇ?)

ರೇಣುಕಾ ಸವದತ್ತಿ ಕಡೆಯವಳು. ಹುಟ್ಟಿದಾಗ ಗಂಡುಮಗು ಎಂದು ಮನೆಯವರು ಪೇಡೆ ಹಂಚಿದ್ದರಂತೆ. ಹದಿನೆಂಟಕ್ಕೆ ಸೀರೆಯುಟ್ಟಳು, ಮನೆಯವರು ಬಾಗಿಲು ಹಾಕಿಕೊಂಡರು. ಹೂಡಿಯಲ್ಲಿ ಬಾಡಿಗೆ ರೂಮು ಹಿಡಿದು, ವೈಟ್‌ಫೀಲ್ಡಿನ ನಮ್ಮ ಅಪಾರ್ಟ್‌ಮೆಂಟಿನ ನಾಲ್ಕು ಮನೆಗಳಲ್ಲಿ ರೊಟ್ಟಿ ಮಾಡುತ್ತಿದ್ದಳು. ನಾನು ಕಂಪನಿಯೊಂದರ ಎಚ್‌ಆರ್. "ಟ್ರಾನ್ಸ್‌ಜೆಂಡರ್ ಒಬ್ಬರಿಗೆ ಕೆಲಸ ಕೊಟ್ಟಿದೀನಿ" ಎಂದು ಕ್ಯಾಂಟೀನಿನಲ್ಲಿ ಹೇಳಿಕೊಂಡು ಶಭಾಷ್‌ಗಿರಿ ಗಿಟ್ಟಿಸಿದ್ದೂ ಆಗಿತ್ತು.

ಏಪ್ರಿಲ್‌ನ ಒಂದು ಶನಿವಾರ ಒಲೆಯ ಮುಂದೆ ಅವಳಿಗೆ ತಲೆ ಸುತ್ತಿತು. ಕುಸಿದು ಕೂತಳು. ನೀರು ಹಿಡಿದರೆ ಆಗಲೂ ಬೇಡವೆಂದು ತಲೆಯಾಡಿಸಿದಳು.

"ಇದೆಂಥಾ ವ್ರತಾನಬೇ?" ಅತ್ತೆ ಗದರಿದರು.

"ವ್ರತ ಅಲ್ರೀ ಅಮ್ಮಾರ. ನೀರು ಕುಡದ್ರ ಹೋಗಬೇಕಾಗತೈತಿ. ಎಲ್ಲಿ ಹೋಗ್ಲಿರಿ?"

ಬೇಸ್‌ಮೆಂಟಿನಲ್ಲಿ ಕೆಲಸದವರಿಗೆಂದು ಎರಡು ಟಾಯ್ಲೆಟ್ ಇವೆ. ಹೆಂಗಸರದಕ್ಕೆ ಹೋಗಬೇಡ ಎಂದು ಸೆಕ್ಯೂರಿಟಿಯವರು ಮೊದಲ ವಾರವೇ ತಡೆದಿದ್ದರು. ಯಾರೋ ಓನರ್ ಕಂಪ್ಲೇಂಟ್ ಮಾಡಿದ್ದರಂತೆ. (ಅದನ್ನು ಬಳಸುವ ಕೆಲಸದ ಹೆಂಗಸರದ್ದೇನೂ ತಕರಾರಿರಲಿಲ್ಲ. ಅವರನ್ನು ಕೇಳಿದವರು ಯಾರು?) ಗಂಡಸರದಕ್ಕೆ ಹೋದರೆ ಡ್ರೈವರ್‌ಗಳ ಶಿಳ್ಳೆ. ಹಾಗಾಗಿ ಬೆಳಗ್ಗೆ ಏಳರಿಂದ ಮಧ್ಯಾಹ್ನ ರೂಮು ಸೇರುವ ತನಕ ತಡೆದುಕೊಳ್ಳುತ್ತಿದ್ದಳು. ಎಂಟು ತಿಂಗಳು!

ನನಗೆ ಮೈಯೆಲ್ಲ ಉರಿದುಹೋಯಿತು. ಅಂದೇ ಅಸೋಸಿಯೇಷನ್‌ಗೆ ಮೇಲ್ ಹಾಕಿದೆ. ಡಿಗ್ನಿಟಿ, ಇನ್‌ಕ್ಲೂಷನ್, ಒಂದನ್ನೂ ಬಿಡಲಿಲ್ಲ. "ಮಕ್ಕಳಿರೋ ಕಡೆ ಇದೆಲ್ಲಾ ಯಾಕೆ ಮೇಡಂ?" ಎಂದು ಉತ್ತರ ಬಂತು. ಅದಕ್ಕೆ ನನ್ನ ಉತ್ತರ, ಅದಕ್ಕೆ ಮತ್ತೊಬ್ಬರ ಉತ್ತರ. ಕೊನೆಗೆ ಹಟ ಹಿಡಿದು ಮುಂದಿನ ಮೀಟಿಂಗ್‌ನಲ್ಲಿ ಚರ್ಚೆಗೆ ಇಡಿಸಿದೆ.

ಆ ನಡುವೆ ಒಂದು ಬೆಳಗ್ಗೆ ನಾನು ಇದೇ ವಿಷಯಕ್ಕೆ ಇನ್ನೊಂದು ಮೇಲ್ ಟೈಪ್ ಮಾಡುತ್ತಿದ್ದೆ. ರೇಣುಕಾ ಹಿಟ್ಟಿನ ಕೈ ತೊಳೆದುಕೊಂಡು ಬಂದು ಪಕ್ಕದಲ್ಲಿ ನಿಂತಳು.

"ಅಕ್ಕಾರ, ಇವತ್ತೊಂದಿನ ನಿಮ್ಮ ಬಾತ್‌ರೂಮಿಗೆ ಹೋಗಿ ಬರ್ಲೇನ್ರಿ?"

ಹೂಂ ಅನ್ನಬೇಕಿತ್ತು, ಅಷ್ಟೇ. ನನ್ನ ಬಾಯಿಂದ ಬಂದದ್ದೇ ಬೇರೆ.

"ಇನ್ನೊಂದು ವಾರ ತಡ್ಕೋ ರೇಣುಕಾ, ಮೀಟಿಂಗ್‌ನಲ್ಲಿ ಮಾತಾಡ್ತಾ ಇದೀನಲ್ಲ."

"ಆತ್ರಿ" ಎಂದಳು. ಉಳಿದ ರೊಟ್ಟಿ ಬಡಿದು ಹೋದಳು. ಮರುದಿನ ಬರಲಿಲ್ಲ. ಫೋನ್ ಸ್ವಿಚ್ ಆಫ್. ಹೂಡಿಗೆ ಹೋಗಿ ನೋಡಿದರೆ ರೂಮು ಖಾಲಿ ಮಾಡಿದ್ದಳು. ಎಲ್ಲಿಗೆ ಹೋದಳೆಂದು ಅಕ್ಕಪಕ್ಕದವರಿಗೂ ಗೊತ್ತಿರಲಿಲ್ಲ.

ಮೀಟಿಂಗ್‌ನಲ್ಲಿ ಗೆದ್ದೆ. ಯಾರು ಬೇಕಾದರೂ ಬಳಸಬಹುದು ಎಂಬ ಬೋರ್ಡೂ ಬಿತ್ತು. ಯಾರ ಸಲುವಾಗಿ ಅಷ್ಟೆಲ್ಲ ಹೊಡೆದಾಡಿದೆನೋ ಅವಳೇ ಇರಲಿಲ್ಲ.

ಯಾಕೆ ಹಾಗಂದೆ? ಇಂದಿಗೂ ನೆನೆದರೆ ನಾಚಿಕೆಯಾಗುತ್ತದೆ. ಕೆಲಸದವಳು ಎಂದಷ್ಟೇ ಹಿಂಜರಿದೆ, ಬೇರೇನಲ್ಲ ಎಂದು ಸಮಾಧಾನ ಮಾಡಿಕೊಳ್ಳಲು ನೋಡಿದೆ. (ಅದೇನು ಮಹಾ ಸಮಾಧಾನವೋ!) ಅದೂ ನಿಲ್ಲಲಿಲ್ಲ. ಅದೇ ವಾರ ವಾಟರ್ ಫಿಲ್ಟರ್ ಸರ್ವೀಸಿಗೆ ಬಂದ ಮನುಷ್ಯ "ಮೇಡಂ, ವಾಷ್‌ರೂಮ್?" ಎಂದು ಕೇಳಿದ್ದ. ದಾರಿ ತೋರಿಸಿ, ಲೈಟು ಕೂಡ ನಾನೇ ಹಾಕಿಕೊಟ್ಟಿದ್ದೆ.

ಅವನ ಹೆಸರೇನೆಂದು ಕೂಡ ಕೇಳಿರಲಿಲ್ಲ.