ಯಾರೂ ತುಳಿಯದ ಜಾಗ

ವಿಲಾಯತಿಯ ಹ್ಯಾರೋದ ನಮ್ಮ ಮನೆಯ ಹಿತ್ತಲಿಗೆ ಆಗಿನ್ನೂ ಕಲ್ಲು ಹಾಸಿರಲಿಲ್ಲ. ತೊಂಬತ್ತರ ದಶಕದ ನಡುವಿನ ಮಾತು, ನನಗೆ ಒಂಬತ್ತು ವರ್ಷ. ಅವ್ವ ಬಸುರಿ. ಸೆಪ್ಟೆಂಬರಿನ ಬಾಣಂತನಕ್ಕೆಂದು ಅವ್ವನ ತಾಯಿ, ನಮ್ಮ ಆಯಿ, ವಿಜಾಪುರದ ಕಡೆಯ ಹಳ್ಳಿಯಿಂದ ಆರು ತಿಂಗಳ ವೀಸಾ ಹಿಡಿದು ಏಪ್ರಿಲ್ಲಿನಲ್ಲೇ ಬಂದಿಳಿದಳು. ಸೆರಗಿನ ಗಂಟಿನಲ್ಲಿ ಒಂದು ಹಿಡಿ ಅಜಿವಾನದ ಬೀಜವಿತ್ತು. ಓಂಕಾಳು ಎನ್ನುತ್ತಾರಲ್ಲ, ಅದೇ.

ಅಂಗಡಿಯಲ್ಲಿ ಪ್ಯಾಕೆಟ್ಟುಗಟ್ಟಲೆ ಸಿಗುತ್ತದೆ ಎಂದು ಅವ್ವ ತಂದು ತೋರಿಸಿದಳು. ಆಯಿ ನಾಲ್ಕು ಕಾಳು ಅಂಗೈಯಲ್ಲಿ ತಿಕ್ಕಿ ಮೂಸಿದಳು.

"ಇದರಾಗ ಘಾಟ ಎಲ್ಲೈತಿ? ಬಾಣಂತಿಗೆ ಇದನ್ನ ಕೊಟ್ಟರ ಹುಲ್ಲು ಕೊಟ್ಟಂಗ."

ಮಗಳ ಬಾಣಂತನದ ಅಜಿವಾನವನ್ನು ತಾನೇ ಬೆಳೆಯಬೇಕು ಎಂಬುದು ಅವಳ ಹಟ. ಟಿವಿ ಹಚ್ಚಲೂ ನನ್ನನ್ನು ಕರೆಯಬೇಕಾದ ಆ ಮನೆಯಲ್ಲಿ, ಅವಳಿಗೆ ಮಾತ್ರ ಗೊತ್ತಿದ್ದ ಕೆಲಸ ಅದೊಂದೇ ಎಂದು ಈಗ ಅರ್ಥವಾಗುತ್ತದೆ. ಬೇಲಿಗುಂಟ ಉದ್ದಕ್ಕೆ ಮಡಿ ಮಾಡಿ ಬಿತ್ತಿ, "ಇದರಾಗ ಯಾರರ ಕಾಲಿಟ್ಟೀರಿ, ಕಾಲ ಮುರೀತೀನಿ" ಎಂದು ಮನೆಮಂದಿಗೆಲ್ಲ ತಾಕೀತು ಮಾಡಿದಳು. ಡಾಕ್ಟರಾಗಿದ್ದ ನಮ್ಮಪ್ಪನೂ ಬಟ್ಟೆ ಒಣಹಾಕುವಾಗ ಮಡಿಯನ್ನು ಸುತ್ತಿಕೊಂಡೇ ಹೋಗುತ್ತಿದ್ದರು.

ಆ ಬೇಸಿಗೆ ಮಳೆ ಮುಖ ತೋರಿಸಲಿಲ್ಲ. ಹಿತ್ತಲ ಹುಲ್ಲು ಬಿಸ್ಕೀಟಿನ ಬಣ್ಣಕ್ಕೆ ತಿರುಗಿತು. ಪೈಪು ಹಿಡಿದು ಗಿಡಕ್ಕೆ ನೀರು ಬಿಡಬಾರದೆಂದು ನೀರಿನ ಕಂಪನಿಯಿಂದ ಮನೆಗೆ ಕಾಗದ ಬಂತು. "ನಮ್ಮೂರ ಬಿಸಿಲು ನನ್ನ ಹಿಂದ ವಿಮಾನ ಹತ್ತಿ ಬಂದೈತಿ" ಎನ್ನುತ್ತ ಆಯಿ ಅಕ್ಕಿ ತೊಳೆದ ನೀರನ್ನು ಬಕೆಟ್ಟಿನಲ್ಲಿ ಕೂಡಿಟ್ಟು ಗಿಡಗಳಿಗೆ ಹಾಕುತ್ತಿದ್ದಳು. ಮೊಣಕಾಲು ನೋವು, ಹಾಗಾಗಿ ಹಿಂಬಾಗಿಲ ಹತ್ತಿರದ ತುದಿಗೆ ಹೆಚ್ಚು ನೀರು, ದೂರದ ತುದಿಗೆ ಒಂದೇ ತಂಬಿಗೆ.

ಪ್ರತಿ ರವಿವಾರ ಸಂಜೆ ಅವಳು ಅವ್ವನಿಗೂ ನನಗೂ ದೃಷ್ಟಿ ತೆಗೆಯುತ್ತಿದ್ದಳು. ಮೊದಲ ಸಲ ಉಪ್ಪು ಮೆಣಸಿನಕಾಯಿಯನ್ನು ಒಲೆಯ ಮೇಲೆ ಹಾಕಿದಾಗ ಹೊಗೆಗೆ ಅಲಾರಂ ಅರಚಿಕೊಂಡು ಎಲ್ಲರೂ ಕೆಮ್ಮುತ್ತ ಬೀದಿಗೆ ಓಡಿದ್ದೆವು. ಆಮೇಲೆ ಬರೀ ಉಪ್ಪು. ಹಿಡಿ ತುಂಬ ನಿವಾಳಿಸಿ, ಚೊಂಬಿನ ನೀರಿನಲ್ಲಿ ಕರಗಿಸಿ ನನ್ನ ಕೈಗೆ ಕೊಡುತ್ತಿದ್ದಳು.

"ಯಾರೂ ತುಳಿಯದ ಜಾಗದಾಗ ಚೆಲ್ಲಿ ಬಾ. ಹೊಳ್ಳಿ ನೋಡಬ್ಯಾಡ."

ಹೊಳ್ಳಿ ನೋಡದೆ ಓಡಿ ಬರುತ್ತಿದ್ದೆ.

ಜುಲೈ ಮುಗಿಯುವ ಹೊತ್ತಿಗೆ ಬಾಗಿಲ ಕಡೆಯ ಗಿಡಗಳ ಎಲೆ ಸುಟ್ಟಂತಾಗಿ, ಒಂದೊಂದೇ ಕುಸಿದವು. ಹೆಚ್ಚು ನೀರು ಕಾಣದ ದೂರದ ತುದಿಯವು ಗೇಣುದ್ದವಾದರೂ ಬಿಳಿ ಹೂ ಹೊತ್ತು ನಿಂತಿದ್ದವು. ಅಪ್ಪ ಬಸವನಹುಳುಗಳ ಮೇಲೆ ಗೂಬೆ ಕೂರಿಸಿದರು. ಆಯಿ ಮೊಣಕಾಲು ಹಿಡಿದುಕೊಂಡು ಹೇಗೋ ಕುಕ್ಕರುಗಾಲಿನಲ್ಲಿ ಕೂತು, ಸತ್ತ ಗಿಡದ ಬುಡದಿಂದ ಚಿಟಿಕೆ ಮಣ್ಣು ತೆಗೆದು ನಾಲಿಗೆಗೆ ಹಚ್ಚಿಕೊಂಡಳು.

"ಸವಳು!" ಎಂದು ಉಗುಳಿದಳು. "ನಮ್ಮೂರ ಕಾಲುವಿ ದಂಡಿ ಹೊಲ ಹಿಂಗ ಉಪ್ಪು ಹತ್ತಿ ಸತ್ತವು. ಇಲ್ಲೂ ಬಂತಲ್ಲೋ ಶಿವನ!"

ಉಪ್ಪು ಎಂದಾಗ ನನಗೆ ಹೊಳೆಯಿತು. ಹುಲ್ಲಿನ ಮೇಲೆ ನಾನು ಆಡುತ್ತಿದ್ದೆ, ದಾರಿಯಲ್ಲಿ ಎಲ್ಲರೂ ಓಡಾಡುತ್ತಿದ್ದರು. ಇಡೀ ಹಿತ್ತಲಲ್ಲಿ ಯಾರೂ ತುಳಿಯದ ಜಾಗ ಅವಳ ಅಜಿವಾನದ ಮಡಿ ಒಂದೇ ಆಗಿತ್ತು! ಆಯಿ ಕನ್ನಡದಲ್ಲಿ ಕೇಳಿದ್ದಕ್ಕೆಲ್ಲ ಇಂಗ್ಲಿಷಿನಲ್ಲೇ ಉತ್ತರ ಕೊಟ್ಟು ಓಡುತ್ತಿದ್ದವಳು ನಾನು. ಆವತ್ತು ಹಾಗೆ ತಪ್ಪಿಸಿಕೊಳ್ಳಲಾಗಲಿಲ್ಲ.

"ಆಯಿ, ಐ... ನಾ. ಉಪ್ಪಿನ ನೀರು ನಾ ಹಾಕೀನಿ. ಎವ್ರಿ ಸಂಡೇ. ನೀನ ಹೇಳಿದ್ದಿ, ಯಾರೂ ತುಳಿಯದ ಜಾಗ ಅಂತ."

ಅವಳ ಮುಖ ಬಾಡಿತು. ಮಣ್ಣಿನ ಕೈಯನ್ನು ಸೆರಗಿಗೆ ಒರೆಸಿಕೊಂಡಳು. ಬೈದಿದ್ದರೇ ಚೆನ್ನಾಗಿತ್ತು ಎನಿಸಿತು ನನಗೆ. ಆಮೇಲೆ ಹೊಟ್ಟೆ ಕುಣಿಯುವಂತೆ ನಕ್ಕಳು.

"ಉಪ್ಪು ತಿಂದವರು ನೀರು ಕುಡೀಬೇಕಂತ. ನಮ್ಮ ಅಜಿವಾನ, ಪಾಪ, ಎರಡೂ ಕೂಡೇ ಕುಡದೈತಿ. ಹೋಗಲಿ ಬಿಡವ್ವಾ, ನಿಮ್ಮಿಬ್ಬರ ದೃಷ್ಟೀನೂ ಅದ ತಗೊಂಡು ಹೋತು."

ದೂರದ ತುದಿಯ ಗಿಡಗಳಿಂದ ಸಿಕ್ಕಿದ್ದು ಒಂದು ಟೀ ಕಪ್ಪಿನಷ್ಟು ಕಾಳು. ಆಯಿ ಎರಡು ಕಾಳು ತಿಕ್ಕಿ ನನ್ನ ಮೂಗಿಗೆ ಹಿಡಿದಳು. ಘಾಟು ನೆತ್ತಿಗೇರಿ ಕಣ್ಣಲ್ಲಿ ನೀರು ಬಂತು.

"ನೋಡು, ನೀರಡಿಸಿದ ಗಿಡ ಬೆಳೆಯೂದಿಲ್ಲ ಖರೆ. ಎಣ್ಣಿ ಮಾತ್ರ ಹಿಡದಿಟ್ಟಿರತೈತಿ."

ಸೆಪ್ಟೆಂಬರಿನಲ್ಲಿ ತಮ್ಮ ಹುಟ್ಟಿದ. ಆ ಕಪ್ಪಿನ ಅಜಿವಾನ ಹದಿನೈದು ದಿನ ಬಂತು. ಮನೆಯೆಲ್ಲ ಅದರದೇ ವಾಸನೆ. ಅವ್ವನ ತಲೆದಿಂಬಿಗೂ, ತಮ್ಮನ ಅಂಗಾಲಿಗೂ. ಅದು ಮುಗಿದಾಗ, ಅಂಗಡಿಯ ಪ್ಯಾಕೆಟ್ಟು ತರಲು ಆಯಿ ನನ್ನ ಕೈಲಿ ಅಪ್ಪನಿಗೆ ಹೇಳಿ ಕಳಿಸಿದಳು. ತಾನಾಗಿ ಕೇಳಲಿಲ್ಲ. ಅಕ್ಟೋಬರಿನಲ್ಲಿ ಊರಿಗೆ ಹೋದವಳು ಮತ್ತೆ ಬರಲಿಲ್ಲ. ವೀಸಾ, ಮೊಣಕಾಲು, ಆಮೇಲೆ ಒಂದು ಫೋನು.

ಈಗ ಆ ಮನೆಯಲ್ಲಿ ನಾನಿದ್ದೇನೆ. ಬೇಲಿಯಿಂದ ಬೇಲಿಗೆ ಕಲ್ಲು ಹಾಸಿಸಿದವಳೂ ನಾನೇ. ಕೆಲಸ ಕಡಿಮೆ, ಕೆಸರಿಲ್ಲ. ಮೊನ್ನೆ ಮಗಳು ಸಮಾರಂಭವೊಂದರಲ್ಲಿ ಕುಣಿದು, ನಾಲ್ಕು ಮಂದಿ ಹೊಗಳಿ, ಮನೆಗೆ ಬಂದವಳೇ ಜ್ವರವೆಂದು ಮಲಗಿದಳು. ಹಿಡಿ ಉಪ್ಪು ನಿವಾಳಿಸಿದೆ, ಚೊಂಬಿನಲ್ಲಿ ಕರಗಿಸಿದೆ, ಹಿಂಬಾಗಿಲು ತೆಗೆದು ನಿಂತೆ. ಇಲ್ಲಿ ಕಾಲಿಟ್ಟರೆ ಕಾಲು ಮುರಿಯುತ್ತೇನೆ ಎನ್ನುವವರು ಇದ್ದಾಗ ತಾನೇ ಯಾರೂ ತುಳಿಯದ ಜಾಗ ಇರುವುದು? ಒಳಗೆ ಬಂದು ಸಿಂಕಿಗೆ ಸುರಿದು ನಲ್ಲಿ ಬಿಟ್ಟೆ.