ಜೋಲಿಗೆ ಕೊಟ್ಟ ಸೀರೆ

ಜೋಲಿ ಕಟ್ಟಿದ ತೊಲೆಗೆ ಒಳಗೊಳಗೇ ಗೆದ್ದಲು ಹಿಡಿದಿರಬಹುದಿತ್ತು. ತೊಲೆ ಗಟ್ಟಿಯಿದ್ದರೂ ಗಂಟು ಬಿಚ್ಚಿಕೊಳ್ಳಬಹುದಿತ್ತು. ಹಂಚಿನ ಸಂದಿಯಿಂದ ಚೇಳು ಬೀಳಬಹುದಿತ್ತು. ಬಿದ್ದರೆ ಅದು ನೆಲಕ್ಕೇಕೆ ಬೀಳುತ್ತದೆ, ನೇರ ಜೋಲಿಯೊಳಗೇ ಬೀಳುತ್ತದೆ. ಯಾವುದಾದರೂ ಮಗು ಕಡಲೆಕಾಯಿ ಬೀಜವನ್ನು ಮೂಗಿಗೆ ತುರುಕಿಕೊಳ್ಳಬಹುದಿತ್ತು. ಹಾಲು ಕೆಟ್ಟು ಎಲ್ಲ ಮಕ್ಕಳಿಗೂ ಒಟ್ಟಿಗೇ ಭೇದಿ ಹತ್ತಬಹುದಿತ್ತು. ಆ ತಿಂಗಳು ಊರಿನ ಅರ್ಧ ಮಕ್ಕಳಿಗೆ ಮುಡಿ ತೆಗೆಸಿದ್ದರಿಂದ, ಬೋಳು ತಲೆಗಳೆಲ್ಲ ಒಂದೇ ಥರ ಕಂಡು, ಒಬ್ಬರ ಮಗುವನ್ನು ಇನ್ನೊಬ್ಬರ ಸೊಂಟಕ್ಕೆ ಏರಿಸಿ ಕಳಿಸಿಬಿಡಬಹುದಿತ್ತು. ಗುಡ್ಡದಿಂದ ಕರಡಿ ಇಳಿಯಬಹುದಿತ್ತು. ನಗಬೇಡಿ, ನಮ್ಮ ಮಧುಗಿರಿ ಕಡೆ ಕರಡಿ ಇಳಿಯುವುದುಂಟು. ಆದರೆ ಅದು ಹಾಡಹಗಲು ಊರ ನಡುವೆ ನಡೆದುಬಂದು ಮಕ್ಕಳ ಕೋಣೆಯ ಬಾಗಿಲು ತಳ್ಳುತ್ತದೆಂದು ಎರಡನೇ ಚಿಲಕ ಹಾಕಿಸಿದವಳು ನಾನೊಬ್ಬಳೇ ಇರಬೇಕು. ಆಮೇಲೆ, ಎರಡು ಚಿಲಕದ ಕೋಣೆಗೆ ಬೆಂಕಿ ಬಿದ್ದರೆ ಮಕ್ಕಳನ್ನು ಹೊರಗೆ ತರುವುದು ಹೇಗೆ ಎಂಬ ಯೋಚನೆ ಬಂದು ಅದನ್ನು ಕೀಳಿಸಿದ್ದೂ ಆಯಿತು.

ಇವ್ಯಾವುವೂ ಆಗಲಿಲ್ಲ.

ಮಧುಗಿರಿಯ ಒಂದು ಸಣ್ಣ ಸಂಸ್ಥೆಯಲ್ಲಿ ನನ್ನ ಕೆಲಸ. ಬೋರ್ಡಿನ ಮೇಲೆ ಯುವಜನ, ಕುಟುಂಬ, ಶಿಶುಪಾಲನೆ ಎಂದು ಮೂರೂ ಬರೆದಿದೆ. ಒಳಗೆ ಮೂರಕ್ಕೂ ಸೇರಿ ನಾನಿದ್ದೇನೆ. ಸಿರಾದಲ್ಲಿ ಹುಡುಗರ ಕಬಡ್ಡಿ ತಂಡ, ಪಾವಗಡದಲ್ಲಿ ಹೆಣ್ಣುಮಕ್ಕಳ ಹೊಲಿಗೆ ತರಗತಿ, ಕೊರಟಗೆರೆಯಲ್ಲಿ ಅತ್ತೆ ಸೊಸೆಯರನ್ನು ಒಂದೇ ಜಮಖಾನದ ಮೇಲೆ ಕೂರಿಸಿ ಮಾತಾಡಿಸುವ ಸಭೆ. ಅತ್ತೆಯೂ ಇಲ್ಲದ, ಸೊಸೆಯೂ ಬರುವ ಸಂಭವವಿಲ್ಲದ, ಒಂಟಿ ಕೋಣೆಯಲ್ಲಿ ಒಂದು ಲೋಟ ಕಾಫಿಗೆ ಸಣ್ಣ ಪಾತ್ರೆಯೂ ದೊಡ್ಡದಾಗುವ ನಾನು ಸಂಸಾರದ ನೆಮ್ಮದಿಯ ಬಗ್ಗೆ ಮಾತಾಡಲು ನಿಂತರೆ ಹಿಂದಿನ ಸಾಲಿನಲ್ಲಿ ಯಾರಾದರೊಬ್ಬರು ನಕ್ಕೇ ನಗುತ್ತಾರೆ. ನಾನೂ ನಗುತ್ತೇನೆ. ಆಮೇಲೆ ಬಸ್ಸಿನಲ್ಲಿ ಅದನ್ನೇ ನೆನೆದು ಊರು ಬರುವವರೆಗೂ ಕೊರಗುತ್ತೇನೆ.

ಮಕ್ಕಳ ಕೋಣೆ ಇದ್ದದ್ದು ಪುರವರದ ಕಡೆಯ ಒಂದು ಹಳ್ಳಿಯಲ್ಲಿ. ಮೊದಲು ಅದರಲ್ಲಿ ರೇಷ್ಮೆ ಹುಳು ಸಾಕುತ್ತಿದ್ದರು. ಕೂಲಿಗೆ, ಗಾರ್ಮೆಂಟ್ಸಿಗೆ ಹೋಗುವ ತಾಯಂದಿರು ಬೆಳಿಗ್ಗೆ ಮಕ್ಕಳನ್ನು ಬಿಟ್ಟು ಸಂಜೆ ಕರೆದುಕೊಂಡು ಹೋಗಬೇಕು. ನಡುವೆ ನಮ್ಮ ಆಯಾ ನೋಡಿಕೊಳ್ಳಬೇಕು. ಮಧ್ಯಾಹ್ನ ಮಲಗಿಸಲು ತೊಲೆಗೆ ಜೋಲಿ ಕಟ್ಟುವುದೆಂದೂ, ಜೋಲಿಗೆ ಪ್ರತಿ ತಾಯಿಯೂ ಒಂದೊಂದು ಹಳೇ ಸೀರೆ ತರುವುದೆಂದೂ ಮಾತಾಯಿತು. ಅಲ್ಲಿಗೆ ಸುಮ್ಮನಿರಬೇಕಿತ್ತು. ಕಜ್ಜಿ, ಕೆಮ್ಮು, ಹೇನು ಎಲ್ಲ ಒಟ್ಟಿಗೆ ಕಣ್ಣ ಮುಂದೆ ಬಂದು, "ಚೆನ್ನಾಗಿ ಬಿಸಿನೀರಲ್ಲಿ ಒಗೆದು ಬಿಸಿಲಲ್ಲಿ ಒಣಗಿಸಿ ತನ್ನಿ" ಎಂದುಬಿಟ್ಟೆ.

ನಾಲ್ಕು ಜನ ನೋಡುವ ಜಾಗಕ್ಕೆ ಬಟ್ಟೆ ತನ್ನಿ ಎಂದರೆ ನಮ್ಮ ಹೆಂಗಸರು ಬಿಡುತ್ತಾರೆಯೇ? ಗಂಜಿ ಹಾಕಿದರು, ಇಸ್ತ್ರಿ ಹಾಕಿಸಿದರು, ಘಮಘಮ ನೀರಿನಲ್ಲಿ ಅದ್ದಿ ತೆಗೆದರು. ಕೋಣೆಯೆಲ್ಲ ಮದುವೆ ಮನೆಯ ಥರ ವಾಸನೆ. ಊಟವಾಗಿ ಜೋಲಿಗೆ ಹಾಕಿದ್ದೇ ತಡ, ಒಂದು ಮಗು ರಾಗ ತೆಗೆಯಿತು, ಉಳಿದವು ಹಿಡಿದುಕೊಂಡವು.

"ಏನಕ್ಕ ಇದು," ಆಯಾ ಎರಡೂ ಕಂಕುಳಲ್ಲಿ ಒಂದೊಂದನ್ನು ಎತ್ತಿಕೊಂಡು ಕೂಗಿದಳು, "ಆ ರೇಷ್ಮೆ ಉಳಾನೇ ವಾಸಿ ಕಣಕ್ಕ. ಸೊಪ್ಪಾಕುದ್ರೆ ತೆಪ್ಪಗಿರ್ತಿದ್ವು!"

ಕಾರಣ ನನಗೆ ಮಾರನೇ ದಿನವೇ ಹೊಳೆಯಿತು. ಜಾಣತನದಿಂದಲ್ಲ. ನನ್ನ ಅಮ್ಮ ತೀರಿಕೊಂಡು ಆಗ ಎರಡನೇ ವರ್ಷ. ಅವಳು ಕಡೆಯದಾಗಿ ಉಟ್ಟು ಬಿಚ್ಚಿಟ್ಟ ನೂಲಿನ ಸೀರೆಯೊಂದನ್ನು ನಾನು ಒಗೆದಿರಲಿಲ್ಲ. ಅದರಲ್ಲಿ ಎಲೆ ಅಡಿಕೆ, ಕೊಬ್ಬರಿ ಎಣ್ಣೆ, ಮಂಡಿಗೆ ಸವರುತ್ತಿದ್ದ ಮುಲಾಮು, ಇವೆಲ್ಲದರ ಕೆಳಗೆ ಇನ್ನೇನೋ, ಅಮ್ಮ ಅಂತಲೇ ಹೇಳಬೇಕಾದ ಒಂದು ವಾಸನೆ ಇತ್ತು. ಅದನ್ನು ದಿಂಬಿನ ಚೀಲದೊಳಗೆ ತುಂಬಿ ಅದರ ಮೇಲೆ ತಲೆಯಿಟ್ಟು ಮಲಗುತ್ತಿದ್ದೆ. ಐವತ್ತು ದಾಟಿದ ಹೆಂಗಸು ಹೀಗೆ ಮಲಗುತ್ತಾಳೆಂದು ಗೊತ್ತಾಗಿದ್ದರೆ ನನ್ನ ಸಭೆಗಳಲ್ಲಿ ಹಿಂದಿನ ಸಾಲಷ್ಟೇ ಅಲ್ಲ, ಎಲ್ಲ ಸಾಲೂ ನಗುತ್ತಿತ್ತು. ಆದರೆ ಆ ದಿಂಬಿಲ್ಲದೆ ಹೊರಗೂರಲ್ಲಿ ತಂಗಿದರೆ ನನಗೇ ನಿದ್ದೆ ಬರುತ್ತಿರಲಿಲ್ಲ. ಇಸ್ತ್ರಿ ಹಾಕಿದ ಸೀರೆಯಲ್ಲಿ ಮಕ್ಕಳಿಗೆ ಹೇಗೆ ಬಂದೀತು?

ತಾಯಂದಿರನ್ನು ಕೂರಿಸಿ ನನ್ನ ಮಾತನ್ನು ನಾನೇ ತಿರುಗಿಸಿದೆ. ಒಗೆಯಬೇಡಿ, ಉಟ್ಟು ಬಿಚ್ಚಿದ್ದನ್ನೇ ತನ್ನಿ. ಮುಖ ಮುಖ ನೋಡಿಕೊಂಡರು. "ಓದ್ವಾರ ಒಗೀರಿ ಅಂದೋರು ಇವ್ರೇ ಅಲ್ವೇನಮ್ಮ?" ಎಂದು ಯಾರೋ ಪಿಸುಗುಟ್ಟಿದರು. ಆದರೂ ತಂದರು, ಕಳ್ಳಮಾಲು ಸಾಗಿಸುವವರ ಹಾಗೆ ಪ್ಲಾಸ್ಟಿಕ್ ಕವರಿನಲ್ಲಿ ಸುತ್ತಿ, ಸೆರಗಿನಡಿ ಮುಚ್ಚಿಕೊಂಡು. ಮಕ್ಕಳು ಮಲಗಿದವು. ಒಂದು ಮಗು ಬಿಟ್ಟು.

ಆಗಷ್ಟೇ ವರ್ಷ ತುಂಬಿದ ಗಂಡುಮಗು ಅದು. ಅದರ ತಾಯಿ ಪಾವಗಡದ ಆಚೆಯಿಂದ ಮದುವೆಯಾಗಿ ಬಂದ ಹುಡುಗಿ, ಮಾತಿನಲ್ಲಿ ಅರ್ಧ ತೆಲುಗು. ಗಂಡ ಬೋರ್‌ವೆಲ್ ಲಾರಿಯ ಜೊತೆ ಊರೂರು ಅಲೆಯುತ್ತಿದ್ದ. ಇವಳು ಮಧುಗಿರಿಯ ಗಾರ್ಮೆಂಟ್ಸಿನಲ್ಲಿ ಕಲಿಯಲು ಸೇರಿದ್ದಳು. ಕಲಿಯುವ ತಿಂಗಳುಗಳಲ್ಲಿ ರಜೆ ಹಾಕಿದರೆ ತೆಗೆದುಹಾಕುತ್ತಿದ್ದರು. ಆ ಕೆಲಸದಲ್ಲಿ ಏನು ಇಷ್ಟ ಎಂದು ಒಮ್ಮೆ ಕೇಳಿದ್ದಕ್ಕೆ, ಸಂಬಳದ ಮಾತೆತ್ತದೆ, "ಬಸ್ಸಲ್ಲಿ ಕಿಟ್ಕಿ ಪಕ್ಕ ಕುಂತ್ಕೊಂಡೋಗ್ತೀನಲ್ಲಕ್ಕ, ಅಷ್ಟೊತ್ತೂ ನನ್ನ ಯಾರೂ ಕರಿಯಲ್ಲ" ಎಂದಳು. ಯಾರೂ ಕರೆಯದ ಹೊತ್ತು ನನ್ನ ಬಳಿ ಮೂಟೆಗಟ್ಟಲೆ ಇತ್ತು. ಕೊಡುವಂತಿದ್ದರೆ ತಲೆ ಮೇಲೆ ಹೊರಿಸಿ ಕಳಿಸುತ್ತಿದ್ದೆ.

ತಡೆಯೆಂದರೆ ಅವಳ ಅತ್ತೆ. ಕುರಿ ಕಾಯುವ ಗಟ್ಟಿ ಹೆಂಗಸು. ಮಧ್ಯಾಹ್ನ ನಮ್ಮ ಕೋಣೆಯ ಮುಂದಿನಿಂದಲೇ ಮಂದೆ ಹೊಡೆದುಕೊಂಡು ಹೋಗುವಾಗ ಹೊಂಗೆ ಮರದ ಕೆಳಗೆ ಕೋಲೂರಿ ನಿಂತು ಒಳಗಿನ ಸದ್ದಿಗೆ ಕಿವಿಗೊಡುತ್ತಿದ್ದಳು. ಮೊಮ್ಮಗನ ಅಳು ಅವಳಿಗೆ ಗುರುತು.

"ನೋಡವ್ವ," ಎಂದು ಬಾಗಿಲಲ್ಲೇ ನಿಂತು ನನಗೆ ಹೇಳಿದಳು, "ಅಮಾಸೆ ಗಂಟ ಸುಮ್ಕಿರ್ತೀನಿ. ಮಗ ಇಂಗೇ ಅಳ್ತಿದ್ರೆ ಇವ್ಳು ಕೆಲ್ಸಕ್ಕೋಗಾದು ಬ್ಯಾಡ, ಏನೂ ಬ್ಯಾಡ. ಮನೇಲಿರ್ಲಿ."

ಆ ಹುಡುಗಿಗೆ ಉಟ್ಟು ಹಳೆಯದಾದ ಸೀರೆಯೇ ಇರಲಿಲ್ಲ. ಫ್ಯಾಕ್ಟರಿಗೆ ಚೂಡಿದಾರ, ಮನೆಯಲ್ಲಿ ನೈಟಿ. ಜೋಲಿಗೆಂದು ಹೊಸ ಸೀರೆಯನ್ನೇ ತಂದಿದ್ದಳು. ಸರಿ, ನೈಟಿಯನ್ನೇ ತಾ, ಮಗುವಿನ ಪಕ್ಕ ಹಾಕೋಣ ಎಂದೆ. ಮಾರನೇ ದಿನ ಕವರು ಬಿಚ್ಚಿದರೆ ಸೋಪಿನ ವಾಸನೆ.

"ಒಗೆದಿದ್ದೀಯಲ್ಲೇ!"

"ಎಟ್ಲಾ ತರೋದಕ್ಕ ಒಗೀದೆ? ಒಬ್ರಿಗೆ ಕೊಡೋ ಬಟ್ಟೆ. ಮೈಲಿಗೇದು ಕೊಟ್ರೆ ನಮ್ಮಮ್ಮ ಏನ್ ಕಲಿಸವ್ಳೆ ಅಂತಾರೆ." ಹೇಳುತ್ತಲೇ ಅಳುವ ಮಗುವಿಗೆ ಮಲಗೆಂದು ಬೆನ್ನು ತಟ್ಟಿದಳು, "ಪಡುಕೋ ಬಂಗಾರು, ಪಡುಕೋ." ಅವಳ ಬಸ್ಸು ಹಾರ್ನ್ ಹೊಡೆಯಿತು. ಮಗುವನ್ನು ನನ್ನ ತೋಳಿಗೆ ಹಾಕಿ ಓಡಿದಳು.

ಕೊನೆಗೆ ಅತ್ತೆಯನ್ನೇ ಕೇಳಿದೆ. ರಾತ್ರಿ ಮಗು ಮಲಗುವುದು ಅವಳ ಮಗ್ಗುಲಲ್ಲೇ ಅಲ್ಲವೇ? ಒಂದು ಹಳೇ ಸೀರೆ ಕೊಡಿ ಅಜ್ಜಿ ಎಂದೆ. ಅವಳು ನಕ್ಕಳು. "ನಾನ್ ಸೀರೆ ಕೊಟ್ರೆ ಒಪ್ಕೊಂಡಂಗಾಗಲ್ವೇನವ್ವ? ಬಲೇ ಘಾಟಿ ಕಣೆ ನೀನು." ಕುರಿಗಳತ್ತ "ಲೇ, ನಡೀರ್ಲಾ" ಎಂದು ಕೂಗಿ ಹೊರಟೇಬಿಟ್ಟಳು.

ಅಮಾವಾಸ್ಯೆ ಹತ್ತಿರ ಬರುತ್ತಿತ್ತು. ಒಂದು ಬೆಳಿಗ್ಗೆ ದಿಂಬಿನ ಚೀಲ ಬಿಚ್ಚಿ ಅಮ್ಮನ ಸೀರೆ ತೆಗೆದು ಬ್ಯಾಗಿಗೆ ಹಾಕಿದೆ. ಬಸ್ ಸ್ಟ್ಯಾಂಡಿನಲ್ಲಿ ವಾಪಸ್ಸು ಹೋಗೋಣವೆನಿಸಿತು. ಹರಿದೀತು. ಮಗು ಒದ್ದೆ ಮಾಡೀತು. ತೀರಿಹೋದವರ ಸೀರೆಯಲ್ಲಿ ಮಗುವನ್ನು ಮಲಗಿಸಿದಳೆಂದು ಊರೇ ತಿರುಗಿಬಿದ್ದೀತು. ಇಷ್ಟೆಲ್ಲ ಮಾಡಿಯೂ ಮಗು ಅತ್ತೀತು, ಅದೇ ಹೆಚ್ಚು ಅವಮಾನ.

ಮಗು ಅಳಲಿಲ್ಲ. ಮೆತ್ತಗಿನ ಆ ಹಳೇ ನೂಲಿಗೆ ಮೂಗೊತ್ತಿ, ಇದು ಯಾರದಿರಬಹುದು ಎಂದು ಒಂದು ಗಳಿಗೆ ಯೋಚಿಸುವಂತೆ ಮುಖ ಮಾಡಿ, ಮಲಗಿಬಿಟ್ಟಿತು. ಯಾರ ವಾಸನೆಯಾದರೂ ಅದಕ್ಕೆ ಸರಿಯೇ ಇತ್ತು, ಮನುಷ್ಯರದಾಗಿದ್ದರೆ ಸಾಕಿತ್ತು. ನಾನು ಅದರ ಮೂಗಿನ ಹತ್ತಿರ ಬೆರಳು ಹಿಡಿದು ಉಸಿರಿದೆಯೇ ಎಂದು ನೋಡುತ್ತಾ ನಿಂತಿದ್ದೆ.

ಹೊರಗೆ ಕುರಿಗಳ ಸದ್ದು ನಿಂತಿತು. ಹೊಂಗೆ ಮರದ ಕೆಳಗೆ ಅತ್ತೆ ಕಿವಿಗೊಟ್ಟಳು. ಆಮೇಲೆ ಕೋಲು ಸಮೇತ ಒಳಗೇ ಬಂದಳು.

"ಏನ್ ಕುಡುಸ್ಬುಟ್ರಿ ನನ್ ಮಗೀಗೆ?"

"ಶ್!" ಎಂದಳು ಆಯಾ. "ಎದ್ರೆ ನೀನೇ ತೂಗ್ಬೇಕು ನೋಡಜ್ಜಿ."

ಅತ್ತೆ ಬಗ್ಗಿ ನೋಡಿ, ಸೀರೆಯನ್ನು ಎರಡು ಬೆರಳಲ್ಲಿ ಹಿಡಿದು ಉಜ್ಜಿದಳು. "ಯಾರ್ದಿದು?"

"ನಮ್ಮಮ್ಮಂದು."

"ಇನ್ನೂ ಬದುಕವ್ರಾ?"

"ಇಲ್ಲ." ಇಲ್ಲಿಗೆ ಮುಗಿಯಿತು ಎಂದುಕೊಂಡೆ.

"ಎಷ್ಟ್ ವರ್ಸ ಬದುಕುದ್ರು?"

"ಎಂಬತ್ತು ದಾಟಿತ್ತು."

"ಅಂಗಾದ್ರೆ ಒಳ್ಳೇದೇ ಬುಡು. ಬಾಳಿ ಬದುಕ್ದೋರ ಸೀರೆ ಮಕ್ಕಳಿಗಾಗ್ತದೆ." ತೊಲೆಯ ಗಂಟನ್ನು ಒಮ್ಮೆ ಜಗ್ಗಿ ನೋಡಿ ಹೊರಟುಹೋದಳು. ಇನ್ನೊಬ್ಬಳು ಹೆದರುಪುಕ್ಕಲಿ ಎಂದು ನನಗೆ ಅವಳ ಮೇಲೆ ಪ್ರೀತಿ ಬಂತು.

ಸೀರೆ ಅಲ್ಲೇ ಉಳಿಯಿತು. ಮಗುವಿನ ಕೆಳಗೆ ಪ್ಲಾಸ್ಟಿಕ್ ಹಾಳೆ, ಅದರ ಮೇಲೆ ಹಳೇ ಪಂಚೆ. ಸೀರೆಯನ್ನು ಯಾರೂ ಒಗೆಯಕೂಡದು, ಮಗು ವಾಸನೆಗೆ ಮಲಗುವುದು ಎಂದು ಎಲ್ಲರಿಗೂ ಹೇಳಿದ್ದೆ. ಮಗುವಿನ ಭಾಗಕ್ಕೆ ದಿನೇ ದಿನೇ ಹಾಲು, ಪೌಡರು, ಉಚ್ಚೆಯ ವಾಸನೆ ಬಂತು. ಆದರೆ ಸೆರಗಿನ ತುದಿ ಮೇಲೆ ಗಂಟಿನಲ್ಲಿತ್ತು. ಅಲ್ಲಿ ಅಮ್ಮ ಹಾಗೇ ಇದ್ದಳು. ಹೋದಾಗಲೆಲ್ಲ ಸ್ಟೂಲು ಹತ್ತಿ, ಗಂಟು ಭದ್ರವಿದೆಯೇ ಎಂದು ನೋಡುವ ನೆಪದಲ್ಲಿ ಅದಕ್ಕೆ ಮೂಗು ತಾಗಿಸಿ ಇಳಿಯುತ್ತಿದ್ದೆ.

"ಅದೇನಕ್ಕ ಗಂಟು ಗಂಟು ಅಂತೀರ," ಎಂದಳು ಆಯಾ, "ಅದೇನ್ ಎದ್ದು ಓಡೋಯ್ತದಾ?"

ಮನೆಯಲ್ಲಿ ಖಾಲಿ ದಿಂಬಿನ ಚೀಲಕ್ಕೆ ನನ್ನ ಸೀರೆಗಳನ್ನೇ ತುಂಬಿ ನೋಡಿದೆ. ಪ್ರಯೋಜನವಾಗಲಿಲ್ಲ. ನಮ್ಮ ವಾಸನೆ ನಮಗೆ ಗೊತ್ತಾಗುವುದಿಲ್ಲವಂತೆ. ನನ್ನದನ್ನು ಮೂಸಿ, ಇದು ಇವಳದು ಎಂದು ಹೇಳುವವರೂ ಯಾರೂ ಇಲ್ಲ ಎಂಬುದು ಆಗ ಲೆಕ್ಕಕ್ಕೆ ಬಂತು.

ಅಮಾವಾಸ್ಯೆ ಬಂತು, ಹೋಯಿತು. ಅತ್ತೆ ಹೂಂ ಅನ್ನಲಿಲ್ಲ, ಊಹೂಂ ಅನ್ನಲಿಲ್ಲ. ಹುಡುಗಿ ದಿನಾ ಬಸ್ಸು ಹತ್ತುತ್ತಿದ್ದಳು.

ಕಬಡ್ಡಿ ಹುಡುಗರ ಬನಿಯನ್ನುಗಳಿಗೆ ನಂಬರು ಹಾಕಿಸಲು ಸಿರಾಕ್ಕೆ ಹೋಗಿದ್ದ ದಿನ ಆಯಾಳ ಫೋನು ಬಂತು. ನಾನು ಆಗ ಅಂಗಡಿಯವನಿಗೆ, ಒಂದೇ ನಂಬರು ಇಬ್ಬರಿಗೆ ಬಿದ್ದರೆ, ಬಣ್ಣ ಬೆವರಿಗೆ ಕರಗಿದರೆ ಎಂದೆಲ್ಲ ಕೇಳುತ್ತಿದ್ದೆ. ಅವನು "ಫಿಕರ್ ಮಾಡ್ಬೇಡಿ ಅಕ್ಕಾ, ಫಿಕರ್ ಮಾಡ್ಬೇಡಿ" ಎನ್ನುತ್ತಲೇ ಇದ್ದ.

"ಅಕ್ಕ!" ಆಯಾಳ ದನಿ ಅಂಗಡಿಗೆಲ್ಲ ಕೇಳಿಸಿತು. "ಮುದ್ಕಿ ಬೆಳಿಗ್ಗೇನೇ ಸೀರೆ ತಂದ್ಕೊಟ್ಬುಟ್ಲು! ಅವ್ಳದೇ! ಕುರಿ ವಾಸ್ನೆ ಗಮ್ಮಂತದೆ, ಮಗ ಗೊರ್ಕೆ ಒಡೀತಾ ಅದೆ!"

ಸೀರೆ ಕೊಟ್ಟರೆ ಒಪ್ಪಿಕೊಂಡ ಹಾಗೆ. ಅವಳದೇ ಮಾತು. ಬನಿಯನ್ನಿನ ಕಟ್ಟು ಕೈಯಲ್ಲಿ ಹಿಡಿದು ನಾನು ಅಂಗಡಿಯಲ್ಲೇ ಒಬ್ಬಳೇ ನಕ್ಕೆ.

"ನಿಮ್ದು ಬಿಚ್ಚಿವ್ನಿ. ಸೊಸೆ ಮಗ ಬುಡಾಕ್ ಬಂದಾಗ್ಲೇ ತಕ್ಕೊಂಡೋಗವ್ಳೆ, ನಾನೇ ಅಕ್ಕನ ಕೈಗ್ ಕೊಡ್ತೀನಿ ಅಂದ್ಲು."

"ಆಗಲಿ ಬಿಡೇ," ಎಂದೆ. ಸಂಜೆಯ ಬಸ್ಸಿನಲ್ಲಿ ಕಿಟಕಿ ಪಕ್ಕ ಕೂತು ಬಂದೆ. ನನ್ನ ಆಯುಸ್ಸಿನಲ್ಲಿ ಯಾವುದಕ್ಕೂ ಹೆದರದೆ ಕಳೆದ ಪ್ರಯಾಣ ಅದೊಂದೇ ಇರಬೇಕು.

ಭಾನುವಾರ ಹುಡುಗಿ ಮಗುವನ್ನೆತ್ತಿಕೊಂಡು ಮಧುಗಿರಿಯ ನನ್ನ ಕೋಣೆಗೇ ಬಂದಳು. ಬಂದವರಿಗೆ ಹಾಕಲು ಇನ್ನೊಂದು ಕುರ್ಚಿ ಇರಲಿಲ್ಲ. ಅವಳು ನಗುತ್ತಾ ನೆಲದ ಮೇಲೆ ಕೂತು ಚೀಲದಿಂದ ತಟ್ಟೆ ತೆಗೆದಳು. ಎಲೆ ಅಡಿಕೆ, ತೆಂಗಿನಕಾಯಿ, ಒಂದು ಮೊಳ ಕನಕಾಂಬರ, ರವಿಕೆ ಕಣ. ಅವುಗಳ ಕೆಳಗೆ, ಅಂಗಡಿಯಿಂದ ತಂದ ಹಾಗೆ ನಾಲ್ಕು ಮಡಿಕೆಯಾಗಿ, ಇಸ್ತ್ರಿಯ ಗೆರೆ ಮುರಿಯದ ಹಾಗೆ, ಅಮ್ಮನ ಸೀರೆ.

"ಅಮ್ಮೋರ್ದು ಅಂತ ಕಲ್ಲಿಗೆ ಒಗೀನಿಲ್ಲಕ್ಕ, ಕೈಯಾಗೇ ತಿಕ್ಕಿ ತಿಕ್ಕಿ ಒಗ್ದೆ. ನಮ್ಮತ್ತೇನೇ ನೀರ್ ಸೇದ್ ಸೇದ್ ಕೊಟ್ಟಳು. ಮೂರ್ ನೀರು ಜಾಲಿಸೀವ್ನಿ." ಎರಡೂ ಕೈಯಲ್ಲಿ ಎತ್ತಿ ನನ್ನ ಮುಖದ ಹತ್ತಿರ ಹಿಡಿದಳು, ಮೆಚ್ಚುಗೆಗೆ ಕಾಯುವ ಕಣ್ಣಿನಲ್ಲಿ. "ನೋಡ್ರಿ ಬೇಕಾದ್ರೆ. ಸೆರಗಲ್ಲೂ ಒಂಚೂರು ವಾಸ್ನೆ ಇಲ್ಲ."

ನೋಡಿದೆ. ಸೆರಗಿನ ತುದಿಯನ್ನೂ ನೋಡಿದೆ. ಅವಳು ಹೇಳಿದ್ದು ನಿಜ, ಒಂಚೂರೂ ಇರಲಿಲ್ಲ.