ಭಂಡಾರ ತಿಂದ ಕಾರು, ಪಕ್ಕದ ಮನೆಯ ಕಾಕಾ

ಹೋದ ವಾರ ನನ್ನ ಹಳೇ ಕಾರಿನ ಡ್ಯಾಶ್‌ಬೋರ್ಡಿನ ಕೆಳಗಿರುವ ಗಾಳಿಕಿಂಡಿಯ ಮುಚ್ಚಳ ತೆರೆದೆ. ಬಹಳ ದಿನಗಳಿಂದ ಬಿಗಿದುಕೊಂಡಿದ್ದ ಮುಚ್ಚಳ, ಸ್ಕ್ರೂಡ್ರೈವರ್ ಹಾಕಿ ಎಬ್ಬಿಸಬೇಕಾಯಿತು. ಒಳಗಿಂದ ಒಂದು ಚಿಟಿಕೆ ಹಳದಿ ಪುಡಿ ನನ್ನ ಮೊಣಕಾಲಿನ ಮೇಲೆ ಉದುರಿತು. ಮೂಸಿದೆ. ಅರಿಶಿನ. ಅದರ ಹಿಂದೆ ಪೆಟ್ರೋಲು. ಅದರ ಹಿಂದೆ, ತೀರಾ ಹಿಂದೆ, ಒಣದ್ರಾಕ್ಷಿ. ಮೂಸಿದ ಕೂಡಲೇ ಪಕ್ಕದ ಸೀಟಿನಿಂದ ಕಾಕಾನ ದನಿ ಕೇಳಿಸಿತು ಎಂದು ಬರೆದರೆ ಚೆನ್ನಾಗಿರುತ್ತದೆ. ಕೇಳಿಸಲಿಲ್ಲ. ಬಂದದ್ದು ಸೀನು. ಎರಡು ಸಲ ಸೀನಿ ಮೂಗು ಒರೆಸಿಕೊಂಡ ಮೇಲೆ ಕಾಕಾ ನೆನಪಾದರು.

ಕಾಕಾ ಎಂದರೆ ಚಿಕ್ಕೋಡಿಯಲ್ಲಿ ನಮ್ಮ ಪಕ್ಕದ ಮನೆಯವರು. ನನಗೆ ಸಂಬಂಧಿಕರೇನಲ್ಲ, ಇಡೀ ಓಣಿಗೇ ಅವರು ಕಾಕಾ. ಹಾರ್ಡ್‌ವೇರ್ ಅಂಗಡಿಯನ್ನು ಮಕ್ಕಳಿಗೆ ಬಿಟ್ಟುಕೊಟ್ಟಿದ್ದರು. ಎಪ್ಪತ್ತು ದಾಟಿತ್ತು. ಗಿಡ್ಡ ಆಳು, ದಪ್ಪ ಕನ್ನಡಕ, ಬಿಳಿ ಟೋಪಿ. ಜೈನರು. ಸೂರ್ಯ ಮುಳುಗುವ ಮೊದಲು ಊಟ ಮುಗಿಯಬೇಕು, ಆಮೇಲೆ ಮರುದಿನ ಬೆಳಗಿನತನಕ ಒಂದು ಹನಿ ನೀರೂ ಇಲ್ಲ. ಅವರ ಒಳಗಿಸೆಯಲ್ಲಿ ಯಾವಾಗಲೂ ಒಂದು ಡ್ರೈವಿಂಗ್ ಲೈಸೆನ್ಸ್ ಇರುತ್ತಿತ್ತು. ಇಪ್ಪತ್ತರ ವಯಸ್ಸಿನಲ್ಲಿ ತೆಗೆಸಿದ್ದು, ಅವಧಿ ಮುಗಿದಾಗಲೆಲ್ಲ ತಪ್ಪದೆ ನವೀಕರಿಸಿದ್ದು. ಪರೀಕ್ಷೆಯ ದಿನವೊಂದನ್ನು ಬಿಟ್ಟರೆ ಅವರು ಜೀವನದಲ್ಲಿ ರಸ್ತೆಯ ಮೇಲೆ ಕಾರು ಓಡಿಸಿರಲಿಲ್ಲ.

ಕಾರಣ ಒಂದು ಬಣವೆ. ಅವರ ತಂದೆಯ ಬಳಿ ಕಾರಿತ್ತು, ಕಾರಿಗೊಬ್ಬ ಡ್ರೈವರ್ ಇದ್ದ. ಹನ್ನೆರಡರ ವಯಸ್ಸಿನಲ್ಲಿ ಕಾಕಾ ಯಾರೂ ಇಲ್ಲದಾಗ ಒಳಗೆ ಕೂತು ಹ್ಯಾಂಡ್‌ಬ್ರೇಕ್ ಇಳಿಸಿದರು. ಕಾರು ತನ್ನಷ್ಟಕ್ಕೆ ಉರುಳಿ ಹೋಗಿ ಹಿತ್ತಲಿನ ಮೇವಿನ ಬಣವೆಯೊಳಗೆ ಹೊಕ್ಕಿತು. ಹೊರಗೆಳೆದದ್ದು ಅಕ್ಕ. ಕಾರನ್ನಲ್ಲ, ತಮ್ಮನನ್ನು. ಅಂದಿನಿಂದ ಅಕ್ಕನ ಬಾಯಲ್ಲಿ ಅವರು 'ಬಣವಿ ಡ್ರೈವರ್'. ಅವರ ಮದುವೆಯಲ್ಲಿ ಬೀಗರೆದುರು, ಆಮೇಲೆ ಮಕ್ಕಳೆದುರು, ಸೊಸೆಯರೆದುರು, ಮೊಮ್ಮಕ್ಕಳೆದುರು. ಸಾಹುಕಾರನ ಮಗ ಹಿಂದಿನ ಸೀಟಿನಲ್ಲಿ ಕೂರಬೇಕು ಎಂದು ತಂದೆ ಅಪ್ಪಣೆ ಮಾಡಿದರು. ತಂದೆ ಹೋದ ಮೇಲೆ ಮಕ್ಕಳೂ ಅದನ್ನೇ ಹೇಳಿದರು, ಕೀಲಿಕೈ ಬಚ್ಚಿಟ್ಟು.

ನನಗೆ ಹಳೇ ಕಾರಿನ ಹುಚ್ಚು ಮೊದಲೇ ಇತ್ತೋ, ಅಥವಾ ಇದೆ ಎಂದು ಕಾಕಾ ನನ್ನನ್ನು ನಂಬಿಸಿದರೋ... ಈಗ ಖಚಿತವಾಗಿ ಹೇಳಲಾರೆ. ನಾನು ಹೈಸ್ಕೂಲಿನಲ್ಲಿ ವಿಜ್ಞಾನದ ಮಾಸ್ತರ. ಓಡಾಟಕ್ಕೆ ಬೈಕ್ ಸಾಕಾಗಿತ್ತು. ಒಂದು ರವಿವಾರ ಕಾಕಾ ನನ್ನನ್ನು ಅಥಣಿ ಕಡೆಯ ಒಂದು ತೋಟಕ್ಕೆ ಕರೆದೊಯ್ದರು. ದ್ರಾಕ್ಷಿ ಒಣಗಿಸುವ ಶೆಡ್ಡಿನ ಮೂಲೆಯಲ್ಲಿ ಕಾರು ನಿಂತಿತ್ತು. ಗುಂಡು ದೀಪಗಳು, ಉಬ್ಬಿದ ಬಾನೆಟ್, ಸ್ಟೇರಿಂಗಿಗೇ ಅಂಟಿಕೊಂಡ ಗೇರು. ಟಾಪಿನ ಮೇಲೆ ಖಾಲಿ ಕ್ರೇಟುಗಳು, ಸೀಟಿನ ಮೇಲೆ ಒಣದ್ರಾಕ್ಷಿಯ ಚೀಲಗಳು. ನನ್ನ ನೆನಪಿನಲ್ಲಿ ಅದು ಆಕಾಶನೀಲಿ. ಆರ್‌ಸಿ ಪುಸ್ತಕದಲ್ಲಿ ಬಿಳಿ ಎಂದಿದೆ. ಈಗಂತೂ ಕೆಂಪು ಬಳಿಸಿದ್ದೇನೆ, ಆದ್ದರಿಂದ ಕಾರನ್ನೇ ಸಾಕ್ಷಿಗೆ ಕರೆಯುವಂತಿಲ್ಲ.

ಕಾಕಾ ನೀರಿನ ಟ್ಯಾಂಕು ಪರೀಕ್ಷಿಸುವವರಂತೆ ಬೆರಳ ಗಣ್ಣಿನಿಂದ ಬಾಗಿಲು ತಟ್ಟಿ ಕಿವಿಗೊಟ್ಟರು.

"ತಗಡ ದಪ್ಪ ಐತ್ರಿ ಮಾಸ್ತರ. ಈಗಿನ ಕಾರ ಅಂದ್ರ ಬಿಸ್ಕೀಟ್ ಡಬ್ಬಿ. ತಗೋರಿ."

ತೋಟದವನಿಗೆ ಆ ಮೂಲೆ ಖಾಲಿಯಾದರೆ ಸಾಕಾಗಿತ್ತು. ಹೊಸ ಬೈಕಿನ ಬೆಲೆಗಿಂತ ಕಡಿಮೆಗೆ ಕಾರು ನನ್ನದಾಯಿತು. ನಿಪ್ಪಾಣಿಯ ಮಿಸ್ತ್ರಿಯೊಬ್ಬ ಎರಡು ತಿಂಗಳು ಇಟ್ಟುಕೊಂಡು ಜೀವ ಬರಿಸಿದ. ಮೂರು ಸಲ ಸೀಟು ಬಿಚ್ಚಿದರೂ ಸಂದುಗಳಿಂದ ಒಣದ್ರಾಕ್ಷಿ ಮಾತ್ರ ಪೂರ್ತಿ ಹೋಗಲಿಲ್ಲ.

ಅದನ್ನು ಓಡಿಸುವುದು ಒಂದು ಬೇರೆಯೇ ಸುಖ. ನಲವತ್ತರ ಮೇಲೆ ಹೋದರೆ ಬಾಗಿಲುಗಳು ತಮ್ಮ ತಮ್ಮಲ್ಲೇ ಮಾತಾಡತೊಡಗುತ್ತವೆ. ಮೂವತ್ತೈದಕ್ಕೆ ಹಾಡು. ತಿರುವಿನಲ್ಲಿ ಸ್ಟೇರಿಂಗ್ ಹೊರಳಿಸಬೇಕಾದರೆ ಬೀಸುವ ಕಲ್ಲು ತಿರುಗಿಸಿದಂತೆ ಭುಜ ಕೊಡಬೇಕು. ಕಬ್ಬು ಹೇರಿದ ಟ್ರ್ಯಾಕ್ಟರುಗಳು ನಮ್ಮನ್ನು ಹಿಂದೆ ಹಾಕಿ ಹೋಗುತ್ತಿದ್ದವು, ಅವುಗಳ ಡ್ರೈವರುಗಳು ತಿರುಗಿ ನೋಡಿ ಕೈ ಎತ್ತುತ್ತಿದ್ದರು. ನನಗೆ ಯಾರೂ ಅಷ್ಟು ಗೌರವದಿಂದ ಕೈ ಎತ್ತಿದ್ದಿಲ್ಲ. ರವಿವಾರಗಳಂದು ಶಾಲೆಯ ಹಿಂದಿನ ಮೈದಾನದಲ್ಲಿ ಕಾಕಾ ಓಡಿಸುತ್ತಿದ್ದರು, ಗುಂಡಗೆ, ಎರಡನೇ ಗೇರಿನಲ್ಲಿ, ಪ್ರತಿ ತಿರುವಿಗೂ ಕಿಟಕಿಯಿಂದ ಕೈ ಹೊರಗೆ ಹಾಕಿ ಖಾಲಿ ಮೈದಾನಕ್ಕೆ ಸಿಗ್ನಲ್ ಕೊಡುತ್ತ.

ಅವರಿಗೆ ಬೇಕಾಗಿದ್ದದ್ದು ಒಂದೇ. ಅದನ್ನು ಅವರು ಮೊದಲ ದಿನವೇ ಹೇಳಿದ್ದರು.

"ನಮ್ಮ ಅಕ್ಕನ ಬಾಗಲ ಮುಂದ ನಾನ ಹೊಡಕೊಂಡ ಹೋಗಿ ನಿಲ್ಲಸಬೇಕ್ರಿ. ಒಂದ ಸಲ. ಆಕಿ ನೋಡ್ಬೇಕು. ಆಮ್ಯಾಲ ಸಾಯೂತನಾ ಹಿಂದಿನ ಸೀಟಿನ್ಯಾಗ ಕುಂಡ್ರತೀನಿ."

ಅಕ್ಕನ ಮನೆ ಅಥಣಿಯಲ್ಲಿ. ಅಕ್ಕನಿಗೆ ಆಗಲೇ ಎಂಬತ್ತು. ಈ ಮಾತಿಗೆ ಹೆಚ್ಚು ಕಾಲಾವಕಾಶ ಇರಲಿಲ್ಲ.

ದಿನ ಗೊತ್ತಾಯಿತು. ಅಥಣಿಯ ಹೊರಗಿನತನಕ ನಾನು ಓಡಿಸುವುದು, ಅಲ್ಲಿ ಸೀಟು ಬದಲಿಸುವುದು, ಕೊನೆಯ ಒಂದು ಕಿಲೋಮೀಟರು ಕಾಕಾ. ಸಂಜೆ ಊಟಕ್ಕೆ ಬರುತ್ತೇನೆ ಎಂದಷ್ಟೇ ಅವರು ಅಕ್ಕನಿಗೆ ಫೋನಿನಲ್ಲಿ ಹೇಳಿದರು. ಅಕ್ಕನ ಸಂಜೆಯ ಊಟವೂ ಹೊತ್ತು ಮುಳುಗುವ ಮೊದಲೇ. ತಮ್ಮ ಬರುತ್ತಾನೆಂದರೆ ಅವನು ಬರುವತನಕ ಅವರು ತುತ್ತು ಮುಟ್ಟುವವರಲ್ಲ. ಅಂದರೆ ನಾವು ತಡಮಾಡಿದರೆ ಇಬ್ಬರು ಮುದುಕರು ಉಪವಾಸ.

ನಮ್ಮ ತಾಯಿ ಇದರಲ್ಲಿ ಒಂದು ತಿದ್ದುಪಡಿ ತಂದರು. ಹೊಸ ಗಾಡಿ ಮೊದಲು ಮಂಗಸೂಳಿಯ ಮಲ್ಲಯ್ಯನಿಗೆ ಹೋಗಬೇಕು. ನಲವತ್ತು ವರ್ಷದ ಗಾಡಿ ಹೊಸದು ಹೇಗಾಗುತ್ತದೆ ಎಂದು ಕೇಳಿದೆ. ಮನೆಗೆ ಬಂದದ್ದು ಹೊಸದಾಗಿ ಎಂದರು. ಕಾಕಾ ಒಪ್ಪಿದರು, ಅದು ದಾರಿಯಲ್ಲೇ ಬರುವ ಊರು.

ಮಲ್ಲಯ್ಯನ ಗುಡಿಯಲ್ಲಿ ಭಂಡಾರ ಎಂದರೆ ಅರಿಶಿನದ ಪುಡಿ. ಹಣೆಗೆ ಹಚ್ಚುವುದು ಸಾಲದು, ಮುಷ್ಟಿ ತುಂಬಿ ಎರಚಬೇಕು. ನಾವು ಗುಡಿಯೆದುರು ಕಾರು ನಿಲ್ಲಿಸಿದೆವು, ಇಂಜಿನ್ ಬಂದ್ ಮಾಡದೆ. ಅದು ಒಮ್ಮೆ ನಿಂತರೆ ಮತ್ತೆ ಹೊರಡುವ ಭರವಸೆ ಇರಲಿಲ್ಲ. ಪೂಜೆ ಮಾಡುವವರು ಬಾನೆಟ್ಟಿನ ಮೇಲೆ ಭಂಡಾರ ಇಡಲು ಬಂದರು. ಕಾಕಾ ತಡೆದರು.

"ತಗಡಕ್ಕ ಯಾಕ ಪೂಜಿ? ಇಂಜಿನ್ನಿಗೆ ಮಾಡ್ರಿ."

ಎಂದು ಬಾನೆಟ್ ಎತ್ತಿದರು. ಅಷ್ಟಕ್ಕೇ ಬಿಡಲಿಲ್ಲ. ಕಾರ್ಬ್ಯುರೇಟರಿನ ಮೇಲೆ ಗಾಳಿ ಸೋಸುವ ದೊಡ್ಡ ಡಬ್ಬಿ ಇರುತ್ತದಲ್ಲ, ಅದು ದೇವರಿಗೂ ಇಂಜಿನ್ನಿಗೂ ಅಡ್ಡ ಬರುತ್ತದೆ ಎಂದು ಅದನ್ನೂ ಬಿಚ್ಚಿ ಕೈಯಲ್ಲಿ ಹಿಡಿದರು. ಆ ಇಂಜಿನ್ನಿನ ಚಿತ್ರವನ್ನು ನಾನು ವರ್ಷಕ್ಕೊಮ್ಮೆ ಬೋರ್ಡಿನ ಮೇಲೆ ಬರೆಯುತ್ತೇನೆ. 'ಗಾಳಿ ಒಳಗೆ' ಎಂದು ಬಾಣ ಹಾಕುತ್ತೇನೆ. ಅಂದು ಆ ಬಾಣದೆದುರು ಕೈಮುಗಿದು ನಿಂತಿದ್ದೆ.

ಪಾಲಬಾವಿಯಿಂದ ಬಂದಿದ್ದ ಒಂದು ಕುಟುಂಬವೂ ಹುರುಪಿನಿಂದ ಸೇರಿಕೊಂಡಿತು. ಏಳಕೋಟಿ ಎಂದು ಮಲ್ಲಯ್ಯನ ಜಯಕಾರ ಎದ್ದಿತು, ನಾಲ್ಕಾರು ಮುಷ್ಟಿ ಭಂಡಾರ ಒಟ್ಟಿಗೆ ಗಾಳಿಗೆ ಹಾರಿತು. ಇಂಜಿನ್ ಒಂದು ದೀರ್ಘ ಉಸಿರು ಎಳೆದುಕೊಂಡಿತು. ಕೆಮ್ಮಿತು. ಹಿಂದಿನ ಕೊಳವೆಯಿಂದ ಒಗ್ಗರಣೆಯ ವಾಸನೆ ಬಂತು. ಆಮೇಲೆ ಗುಡಿಯ ಅಂಗಳದಲ್ಲಿ ನಿಶ್ಶಬ್ದ.

"ಪ್ರಸಾದ ಜಾಸ್ತಿ ಆತು," ಎಂದಳು ಪಾಲಬಾವಿಯ ಅಜ್ಜಿ.

ಮಧ್ಯಾಹ್ನ ಮೂರು ಗಂಟೆ ಇರಬೇಕು. ಕಾಕಾ ಟೋಪಿ ತೆಗೆದು ನನ್ನ ಕೈಗೆ ಕೊಟ್ಟರು, ಪಾನಾ, ಸ್ಪ್ಯಾನರುಗಳ ಚೀಲ ಬಿಚ್ಚಿ ನೆಲದ ಮೇಲೆ ಕೂತರು. ಐವತ್ತು ವರ್ಷ ನಟ್ಟು ಬೋಲ್ಟು ಮಾರಿದ ಕೈ. ಕಾರ್ಬ್ಯುರೇಟರ್ ಬಿಚ್ಚಿ ಪೆಟ್ರೋಲಿನಲ್ಲಿ ತೊಳೆದರು. ಸಣ್ಣ ತೂತುಗಳನ್ನು ಬಾಯಿಂದ ಊದಿದರು. ಊದಿದಾಗಲೆಲ್ಲ ಅರಿಶಿನ ವಾಪಸು ಮುಖಕ್ಕೆ. ಒಮ್ಮೆ ಪೆಟ್ರೋಲು ಬಾಯೊಳಗೆ ಹೋಯಿತು. ಗಾಬರಿಯಾಗಿ ನೀರು ತಂದೆ. ಅವರು ಉಗುಳಿ, ಆಕಾಶ ನೋಡಿ, "ಇನ್ನೂ ಹೊತ್ತ ಐತಿ, ನಡೀತೈತಿ" ಎಂದರು.

ಅಕ್ಕನಿಗೆ ಫೋನ್ ಮಾಡಿ ಊಟ ಮಾಡಲು ಹೇಳೋಣವೆಂದೆ. ಅವರು ತಲೆ ಎತ್ತಲಿಲ್ಲ. "ಫೋನ್ ಮಾಡಿದ್ರ ಆಕಿ ಉಣ್ಣೂದಿಲ್ರಿ. ಬಯ್ಯತಾಳ."

ಎಲ್ಲ ಜೋಡಿಸುವಷ್ಟರಲ್ಲಿ ನೆರಳು ಉದ್ದವಾಗಿತ್ತು. ಕಾಕಾ ಒಳಗೆ ಕೂತು ಆಕ್ಸಿಲರೇಟರ್ ತುಳಿಯುತ್ತಿದ್ದರು, ನಾನು ಮುಂದೆ ನಿಂತು ಹ್ಯಾಂಡಲ್ ತಿರುಗಿಸುತ್ತಿದ್ದೆ. ಎಷ್ಟನೆಯ ಸಲಕ್ಕೋ ಇಂಜಿನ್ ಹತ್ತಿತು. ಓಡಿ ಹೋಗಿ ಡ್ರೈವರ್ ಬಾಗಿಲು ತೆರೆದೆ. ಕಾಕಾ ಸರಿಯಲಿಲ್ಲ.

"ಕಾಲ ತಗದ್ರ ನಿಲ್ಲತೈತಿ ಮಾಸ್ತರ. ಆ ಕಡಿಂದ ಹತ್ರಿ."

ಹೀಗೆ ಒಂದು ಕಿಲೋಮೀಟರಿನ ಒಪ್ಪಂದ ಮುಕ್ಕಾಲು ತಾಸಿನ ದಾರಿಯಾಯಿತು.

ಮಂಗಸೂಳಿಯಿಂದ ಅಥಣಿಗೆ ಪೂರ್ವಕ್ಕೆ ಹೋಗಬೇಕು, ಸೂರ್ಯ ಬೆನ್ನ ಹಿಂದೆ. ಕಾಕಾನ ಒಂದು ಕಣ್ಣು ಕನ್ನಡಿಯಲ್ಲೇ ಇತ್ತು. ಅವರಿಗೆ ಕಂಡದ್ದು ರಸ್ತೆಗಿಂತ ಹೆಚ್ಚಾಗಿ ಕನ್ನಡಿಯೇ. ಗಿಡ್ಡ ಆಳಾದ್ದರಿಂದ ರಸ್ತೆಯನ್ನು ಅವರು ಸ್ಟೇರಿಂಗಿನ ಸಂದಿಯಿಂದ ನೋಡುತ್ತಿದ್ದರು. ಕೊನೆಗೆ ಕನ್ನಡಿ ಬಿಡಿ, ಸೂರ್ಯನನ್ನು ನಾನು ನೋಡಿಕೊಳ್ಳುತ್ತೇನೆ ಎಂದೆ. ಸೀಟಿನ ಮೇಲೆ ಮಂಡಿಯೂರಿ ಹಿಂದಕ್ಕೆ ತಿರುಗಿ ಕೂತು ವರದಿ ಕೊಡುತ್ತ ಹೋದೆ. ಒಂದು ಗೇಣು ಇದೆ. ಆರು ಬೆರಳು ಇದೆ. ಕಬ್ಬಿನ ಹೊಲ ಅಡ್ಡ ಬಂದಿದೆ, ಕಾಣುತ್ತಿಲ್ಲ. ಮೂರು ಬೆರಳು.

ಆಗ ನಮ್ಮ ಮುಂದೆ ಎರಡು ಟ್ರೇಲರ್ ಕಟ್ಟಿಕೊಂಡು ಹೊರಟಿದ್ದ ಕಬ್ಬಿನ ಟ್ರ್ಯಾಕ್ಟರು. ಅದರ ಟೇಪ್ ಡೆಕ್ಕಿನ ಹಾಡಿನ ಅಬ್ಬರಕ್ಕೆ ನಮ್ಮ ಹಾರ್ನ್ ಕೇಳುವಂತಿರಲಿಲ್ಲ. ಕಾಕಾ ಹಿಂದೆಯೇ ಹೊರಟರು, ಎಷ್ಟೋ ಹೊತ್ತು, ನಿಯಮದ ಪ್ರಕಾರ ಅಂತರ ಬಿಟ್ಟು. ಆಮೇಲೆ ಕಿಟಕಿಯಿಂದ ಕೈ ಹೊರಗೆ ಹಾಕಿ ಸಿಗ್ನಲ್ ಕೊಟ್ಟರು, ಹಲ್ಲು ಕಚ್ಚಿ ಬಲಕ್ಕೆ ಎಳೆದರು, ಟ್ರ್ಯಾಕ್ಟರು ನಮ್ಮ ಹಿಂದೆ ಬಿತ್ತು. ನನ್ನ ನೆನಪಿನಲ್ಲಿ ಹೀಗೆ. ಟ್ರ್ಯಾಕ್ಟರು ತಾನಾಗಿಯೇ ಕಾರ್ಖಾನೆಯ ರಸ್ತೆಗೆ ಹೊರಳಿತು ಎಂಬ ಇನ್ನೊಂದು ನೆನಪೂ ಇದೆ. ನಾನು ಹಿಂದಕ್ಕೆ ತಿರುಗಿ ಕೂತಿದ್ದೆನಲ್ಲ... ಓವರ್‌ಟೇಕ್ ಮಾಡಿದ್ದು ನಿಜ ಎಂದು ಕಾಕಾ ಕೊನೆಯತನಕ ಹೇಳುತ್ತಿದ್ದರು. ಅದನ್ನೇ ಇಟ್ಟುಕೊಂಡಿದ್ದೇನೆ.

ಅಕ್ಕನ ಓಣಿ. ಅಕ್ಕ ಕಟ್ಟೆಯ ಮೇಲೆ ಕೂತಿದ್ದರು. ಕಾರು ಅವರನ್ನು ದಾಟಿ ಹತ್ತು ಹೆಜ್ಜೆ ಮುಂದೆ ಹೋಗಿ ಒಂದು ಬಣವೆಯ ಗೇಣಂತರದಲ್ಲಿ ನಿಂತಿತು ಎಂದು ಬರೆಯಲು ಕೈ ತುರಿಸುತ್ತಿದೆ. ಆ ಓಣಿಯಲ್ಲಿ ಬಣವೆ ಇರುವ ಮನೆಯೇ ಇಲ್ಲ. ಕಾರು ಸರಿಯಾಗಿ ಬಾಗಿಲೆದುರು ನಿಂತಿತು. ಕಾಕಾ ಇಳಿಯಲಿಲ್ಲ. ಅಕ್ಕ ಚೆನ್ನಾಗಿ ನೋಡಲಿ ಎಂದು ಎರಡೂ ಕೈ ಸ್ಟೇರಿಂಗಿನ ಮೇಲಿಟ್ಟು ನೆಟ್ಟಗೆ ಕೂತರು.

ಅಕ್ಕ ಎದ್ದು ಬಂದು ಕಿಟಕಿಯೊಳಗೆ ಬಗ್ಗಿದರು. ಮೊದಲು ಕಂಡದ್ದು ತಮ್ಮನ ಹಳದಿ ಮುಖ.

"ಯಾರ ಮದುವ್ಯಾಗ ಅರಿಷಿಣಾ ಹಚ್ಚಿಸಿಕೊಂಡ ಬಂದ್ಯೋ?"

ಆಮೇಲೆ ಪಶ್ಚಿಮಕ್ಕೆ ನೋಡಿದರು. "ಹೊತ್ತ ಮುಳಗೇತಿ."

"ಓಣಿಗೆ ಹೊಳ್ಳೂ ಮುಂದ ಹೊತ್ತ ಇತ್ತಬೇ. ಮಾಸ್ತರನ್ನ ಕೇಳ," ಎಂದರು ಕಾಕಾ.

ಇಬ್ಬರೂ ನನ್ನನ್ನು ನೋಡಿದರು. ವಿಜ್ಞಾನದ ಮಾಸ್ತರ. ನಾನೇನು ಹೇಳಿದೆನೋ ನೆನಪಿಲ್ಲ. ನನ್ನೊಳಗೆ ಆ ಸಂಜೆಯ ಸೂರ್ಯರು ಇಬ್ಬರಿದ್ದಾರೆ, ಒಬ್ಬ ಮುಳುಗಿದವ, ಒಬ್ಬ ಇನ್ನೂ ಅರ್ಧ ಬೆರಳು ಉಳಿದವ. ಏನು ಹೇಳಿದ್ದರೂ ಅಕ್ಕ ಕೇಳುವವರಾಗಿರಲಿಲ್ಲ. ಒಳಗೆ ಮುಚ್ಚಿಟ್ಟಿದ್ದ ಅಡುಗೆ ಹಾಗೇ ಉಳಿಯಿತು. ನಾನು ಜೈನನಲ್ಲ, ಆದರೆ ಅದನ್ನು ಹೇಳುವ ಧೈರ್ಯ ಬರಲಿಲ್ಲ.

ಕಾಕಾನ ಕೈಗಳು ನಿಧಾನಕ್ಕೆ ಸ್ಟೇರಿಂಗಿನಿಂದ ಕೆಳಗಿಳಿದವು. ಅರವತ್ತು ವರ್ಷ ಕಾದು ಅಕ್ಕನೆದುರು ಕಾರು ನಿಲ್ಲಿಸಿದ್ದರು. ಆಕೆಯನ್ನು ಉಪವಾಸ ಕೆಡವಿ.

ಅಕ್ಕ ಸ್ವಲ್ಪ ಹೊತ್ತು ಕಾರನ್ನೇ ನೋಡಿದರು. ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡರು.

"ಹೊಟ್ಟಿ ಹೆಂಗೂ ಖಾಲಿ ಐತಿ. ಕುಂತ ಏನ ಮಾಡೂದೈತಿ? ಬಣವಿ ಡ್ರೈವರ್, ಬಾಗಲಾ ತಗಿ. ಒಂದ ಸುತ್ತ ಹಾಕು."

ನಾನು ಹಿಂದಿನ ಸೀಟಿಗೆ ಹೋದೆ, ಸಾಹುಕಾರನ ಮಗನ ಜಾಗಕ್ಕೆ. ಅಕ್ಕ ಮುಂದೆ ಕೂತರು. ಒಂದೇ ದೀಪ ಉರಿಯುತ್ತಿದ್ದ ಕಾರು ಅಥಣಿಯ ಪೇಟೆಯಲ್ಲಿ ಎರಡನೇ ಗೇರಿನಲ್ಲಿ ಸುತ್ತಿತು, ಒಂದು ಸುತ್ತು, ಇನ್ನೊಂದು. ಅಕ್ಕ ದಾರಿಯುದ್ದಕ್ಕೂ ಎಡಕ್ಕೆ, ಬಲಕ್ಕೆ, ಎಮ್ಮೆ ಐತಿ ಎಂದು ಹೇಳುತ್ತಲೇ ಇದ್ದರು, ಕಾಕಾ ಹೂಂ ಹೂಂ ಎನ್ನುತ್ತಿದ್ದರು. ಹಸಿವು ತಾಳದೆ ನಾನು ಸೀಟಿನ ಸಂದಿಯಲ್ಲಿ ಬೆರಳಾಡಿಸಿದೆ. ಎರಡು ಒಣದ್ರಾಕ್ಷಿ ಸಿಕ್ಕವು.

ಅಕ್ಕ ಹಿಂದೆ ತಿರುಗದೆಯೇ ಹೇಳಿದರು: "ಮಾಸ್ತರ ಏನೋ ತಿನ್ನಾಕತ್ತಾರ."

ಮರುದಿನ ಬೆಳಿಗ್ಗೆ, ಹೊತ್ತು ಹುಟ್ಟಿ ಹೊಟ್ಟೆ ತುಂಬಿದ ಮೇಲೆ, ಅಕ್ಕ ತಮ್ಮ ಹಳೇ ಸೀರೆಗಳಿಂದ ಹೊಲಿದ ಒಂದು ಕೌದಿ ತಂದರು. ನಾಲ್ಕು ಪದರು ಮಡಚಿ ಡ್ರೈವರ್ ಸೀಟಿನ ಮೇಲೆ ಹಾಸಿ, ಅಂಗೈಯಿಂದ ಒತ್ತಿ ನೋಡಿದರು. ಇದರ ಮೇಲೆ ಕೂತು ಹೊಡಿ, ರಸ್ತೆ ಕಾಣಲಿ ಎಂದರು.

ಹಿಂದಿನ ಸೀಟಿನ ಮಾತನ್ನು ಕಾಕಾ ನಡೆಸಲಿಲ್ಲ. ತಿಂಗಳಿಗೊಮ್ಮೆ ನನ್ನನ್ನು ಎಬ್ಬಿಸಿಕೊಂಡು ಅಥಣಿಗೆ ಹೊರಡುತ್ತಿದ್ದರು, ಬೆಳಿಗ್ಗೆಯೇ, ಯಾವ ದೇವರನ್ನೂ ಭೇಟಿಯಾಗದೆ. ಮೊದಲು ಅಕ್ಕ ಹೋದರು. ಆಮೇಲೆ ಕಾಕಾ ಅಥಣಿಯ ದಾರಿ ಬಿಟ್ಟರು, ರಾಯಬಾಗದತನಕ ಹೋಗಿ ಬರೋಣವೇ ಎಂದರೂ ಬೇಡವೆನ್ನುತ್ತಿದ್ದರು. ಒಂದು ಮಳೆಗಾಲ ಮುಗಿದ ಮೇಲೆ ಅವರೂ... ಆ ವರ್ಷವೂ ಲೈಸೆನ್ಸ್ ನವೀಕರಿಸಿದ್ದರು.

ಕೌದಿ ಈಗಲೂ ಡ್ರೈವರ್ ಸೀಟಿನ ಮೇಲಿದೆ. ನಾನು ಕಾಕಾನಿಗಿಂತ ಗೇಣು ಎತ್ತರ. ಅದರ ಮೇಲೆ ಕೂತರೆ ತಲೆ ಟಾಪಿಗೆ ತಾಗುತ್ತದೆ, ಪ್ರತಿ ಗುಂಡಿಗೆ ಒಂದು ಪೆಟ್ಟು. ತೆಗೆದಿಡಿ ಎಂದು ನಿಪ್ಪಾಣಿಯ ಮಿಸ್ತ್ರಿ ಪ್ರತಿ ಸಲ ಹೇಳುತ್ತಾನೆ, ನಾನೂ ಹೌದೆನ್ನುತ್ತೇನೆ. ಹೋದ ವಾರ ಅದರ ಮೇಲೂ ಅರಿಶಿನ ಉದುರಿತ್ತಲ್ಲ, ಹೊರಗೆ ತೆಗೆದು ಕೊಡವಿ ಬಿಸಿಲಿಗೆ ಹಾಕಿದೆ. ಸಂಜೆ ಹೊತ್ತು ಮುಳುಗುವ ಮೊದಲು ನಾಲ್ಕು ಪದರು ಮಡಚಿ ಮತ್ತೆ ಅಲ್ಲೇ ಹಾಸಿ, ಅಂಗೈಯಿಂದ ಒತ್ತಿ ನೋಡಿದೆ.